ಕೆಂಚಿಗೆ ಮಾಡಿಸಿದ ಇಂಜೆಕ್ಷನ್

ಆಗೆಲ್ಲ ಚನ್ನಗಿರಿಯ ನಮ್ಮ ಕೇರಿಯಲ್ಲಿ ಬೆಳಗಾಗುತ್ತಿದ್ದುದೇ ಹಂದಿಗಳ ಗುಟುರಿನಿಂದ. ಹೋಟೆಲುಗಳಿಂದ ತಂದ ಮುಸುರೆಯನ್ನು ಅವ್ವ ಡ್ರಮ್ಮಿನಲ್ಲಿ ಕುದಿಸುತ್ತಿದ್ದಳು. ಹಳಸಿದ ಸಾರು, ಮಿರ್ಚಿಯ ಎಣ್ಣೆ, ಒದ್ದೆ ಮಂಡಕ್ಕಿ ಸೇರಿದ ಆ ಘಾಟು ನಮ್ಮ ಬಟ್ಟೆಗೂ ಹತ್ತಿರುತ್ತಿತ್ತು. ಶಾಲೆಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಳ್ಳಲಿ, ನಮ್ಮ ಹೊಟ್ಟೆ ತುಂಬಿಸಿದ್ದು ಅದೇ. ಸಂಜೆ ನಾವು ಹುಡುಗಿಯರು ಮರಿಗಳನ್ನು ಅಟ್ಟಿಸಿಕೊಂಡು ಹೋಗಿ ಹಿಂಗಾಲು ಹಿಡಿಯುವ ಆಟ ಆಡುತ್ತಿದ್ದೆವು. ಹಿಡಿದವಳೇ ಅದಕ್ಕೆ ಹೆಸರಿಡಬೇಕು.

ನಮ್ಮಲ್ಲಿ ಮಗಳ ಹೆಸರಿಗೆ ಒಂದು ಹೆಣ್ಣು ಹಂದಿ ಬಿಡುವ ಪದ್ಧತಿಯಿತ್ತು. ಅದು ಹಾಕಿದ ಮರಿಗಳೆಲ್ಲ ಅವಳವೇ. ಮದುವೆಯಾಗಿ ಹೋಗುವಾಗ ಆ ತಳಿಯ ಒಂದು ಮರಿ ಅವಳ ಜೊತೆ ಹೋಗಬೇಕು. ಅವ್ವ ಹೊನ್ನಾಳಿಯ ತವರಿನಿಂದ ಬರುವಾಗ ಕಂಕುಳಲ್ಲಿ ಮರಿ ಇಟ್ಟುಕೊಂಡೇ ಬಸ್ಸು ಹತ್ತಿದ್ದಳಂತೆ. ಆ ತಳಿಯಲ್ಲಿ ಉಳಿದಿದ್ದ ಒಂದೇ ಹೆಣ್ಣು ಕೆಂಚಿ. ಕೆಂಚಿ ನನ್ನದು.

ನಾನು ಆರನೇ ಕ್ಲಾಸಿನಲ್ಲಿದ್ದ ಬೇಸಿಗೆಯಲ್ಲಿ ಪಶು ಆಸ್ಪತ್ರೆಯ ನೌಕರನೊಬ್ಬ ಬಂದು ಕೇರಿಯ ಬಾಯಲ್ಲಿ ನಿಂತ. ಆಗ ಅವನನ್ನು ಸಾರ್ ಎನ್ನುತ್ತಿದ್ದೆವು. ಈಗ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ.

"ಊರೆಲ್ಲಾ ತಿರುಗೋ ಗಂಡು ಹಂದಿ ಯಾಕ್ರೀ ಬೇಕು? ಬೀಜ ತೆಗೆಸಿಬಿಡ್ರಿ. ಸೀಮೆ ಹಂದಿದು ಇಂಜೆಕ್ಷನ್ ಐತೆ, ಹಸುಗೆ ಮಾಡ್ತೀವಲ್ಲ ಹಂಗೇ. ಬೆಳ್ಳನೆ ದಪ್ಪ ಮರಿ ಹಾಕ್ತಾವೆ."

ಅಪ್ಪ ನಂಬಿದ. ಕೇರಿಗೆಲ್ಲ ಇದ್ದ ಗಂಡು ಹಂದಿ ನಮ್ಮದೊಂದೇ. ಮೊದಲು ಇಂಜೆಕ್ಷನ್ ಫಲಿಸುತ್ತದೋ ನೋಡೋಣ ಎನ್ನದೆ ಅದರ ಬೀಜ ತೆಗೆಸಿಯೇಬಿಟ್ಟ. ಉಬ್ರಾಣಿಯ ನೆಂಟರೂ ಹಾಗೇ ಮಾಡಿದರು. ಸರ್ಕಾರದ ಮಾತೆಂದರೆ ನಮ್ಮವರು ಕಣ್ಣು ಮುಚ್ಚಿ ನಂಬುತ್ತಿದ್ದರು.

ಕೆಂಚಿ ಬೆದೆಗೆ ಬಂತು. ಬೆನ್ನು ಒತ್ತಿದರೆ ಅಲ್ಲಾಡದೆ ನಿಲ್ಲುತ್ತಿತ್ತು. ಅವ್ವ ಆಸ್ಪತ್ರೆಗೆ ಓಡಿದಳು, ಹಿಂದೆಯೇ ನಾನು.

"ಇವತ್ತು ನಲ್ಲೂರಿಗೆ ಹಸು ನೋಡಾಕೆ ಹೋಗ್ಬೇಕಮ್ಮ, ನಾಳೆ ಬರ್ತೀನಿ."

"ಅಷ್ಟೊತ್ತಿಗೆ ಬೆದೆ ಇಳೀತೈತೆ ಸಾರ್."

"ಹಂದಿ ತಾನೇ, ಕಾಯ್ತೈತೆ ಬಿಡು."

ಮರುದಿನವೂ ಅದೇ ಮಾತು. ಅವನು ಬರುವ ಹೊತ್ತಿಗೆ ಬೆದೆ ಇಳಿದಿತ್ತು. ಬಂದವನು ಕೇರಿಯೊಳಗೆ ಕಾಲಿಟ್ಟನೇ? ಇಲ್ಲ. ಚರಂಡಿಯ ಆಚೆ ಮೂಗಿಗೆ ಕರ್ಚೀಫು ಹಿಡಿದು ನಿಂತು, ಸೀಮೆ ಹಂದಿಯ ವೀರ್ಯದ ಬಾಟಲಿಯನ್ನೂ ಉದ್ದನೆಯ ನಳಿಕೆಯನ್ನೂ ಕಲ್ಲಿನ ಮೇಲಿಟ್ಟ.

"ನೀನೇ ಹಾಕಮ್ಮ. ಹೆಂಗೆ ಅಂತ ಇಲ್ಲಿಂದಲೇ ಹೇಳ್ತೀನಿ."

"ಬೆದೆ ಇಳಿದೈತೆ ಸಾರ್, ಈಗ ನಿಲ್ಲಂಗಿಲ್ಲ ಇದು."

"ಹಾಕು ಅಂದ್ರೆ ಹಾಕು. ನಂಗೆ ಬೇರೆ ಕೆಲಸ ಐತೆ."

ನಾನು ಕೆಂಚಿಯ ಕಿವಿ ಹಿಡಿದುಕೊಂಡೆ, ಅವ್ವ ನಳಿಕೆ ತೂರಿಸಹೋದಳು. ಕೆಂಚಿ ಕಿರುಚಿತು, ಒದೆಯಿತು. ಬಾಟಲಿಯಲ್ಲಿದ್ದದ್ದೆಲ್ಲ ಅವ್ವನ ಸೀರೆಯ ಮೇಲೆ ಹರಿಯಿತು. ಅವನಾಗಲೇ ಬೈಕಿಗೆ ಕಿಕ್ ಹೊಡೆಯುತ್ತಿದ್ದ. "ಸಾರ್, ಎಲ್ಲಾ ಚೆಲ್ಲಿಹೋತು, ಬಂದು ನೋಡ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ತಿರುಗಿಯೂ ನೋಡಲಿಲ್ಲ.

ಕೆಂಚಿ ಗಬ್ಬವಾಗಲಿಲ್ಲ. ಮತ್ತೆ ಬೆದೆಗೆ ಬಂದಾಗ ಅವನು ಬಾಟಲಿ ಬಂದಿಲ್ಲವೆಂದ. ಅದರ ಮುಂದಿನ ಸಲವೂ ಬಂದಿಲ್ಲವೆಂದ. ಮರಿ ಹಾಕದೆ ಕೊಬ್ಬು ಏರಿ ಕೆಂಚಿ ಗೊಡ್ಡಾಯಿತು. ಕಡೆಗೆ ಮಾಂಸದವನು ಹಗ್ಗ ಹಾಕಿ ಎಳೆದುಕೊಂಡು ಹೋದ.

"ಕೆಂಚಿ ನಂದು ಅಂತಿದ್ಯಲ್ಲವ್ವಾ, ಹೆಂಗೆ ಕೊಟ್ಟೆ?" ಎಂದು ಅವ್ವನ ಸೆರಗು ಜಗ್ಗಿದೆ.

"ಗೊಡ್ಡು ಇಟ್ಕೊಂಡು ಏನ್ ಮಾಡಾಕೆ ಆಗ್ತೈತೆ ಮಗಾ" ಎಂದು ಅವ್ವ ಗೋಡೆಯ ಕಡೆ ತಿರುಗಿ ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಮುಂದೆ ನಾನು ನ್ಯಾಮತಿಗೆ ಸೊಸೆಯಾಗಿ ಬರಿಗೈಯಲ್ಲಿ ಬಂದೆ.

ಈಗ ಚನ್ನಗಿರಿಯ ನಮ್ಮ ಕೇರಿಯಲ್ಲಿ ಒಂದು ಹಂದಿಯೂ ಇಲ್ಲ, ಮರಿ ಹಿಡಿಯುವ ಆಟ ಮಕ್ಕಳಿಗೆ ಗೊತ್ತೂ ಇಲ್ಲ. ಹಂದಿಯಿರುವುದು ನ್ಯಾಮತಿಯ ದೊಡ್ಡ ಸಾಹುಕಾರರೊಬ್ಬರ ಶೆಡ್ಡಿನಲ್ಲಿ. ಒಂದು ಹೆಣ್ಣು ಮರಿ ಕೊಡುತ್ತಾರೇನೋ ಎಂದು ಮೊನ್ನೆ ಕೇಳಲು ಹೋಗಿದ್ದೆ. ಒಂದೊಂದು ಮಾರುವುದಿಲ್ಲವಂತೆ. ಅಷ್ಟರಲ್ಲಿ ಆಸ್ಪತ್ರೆಯ ಡಾಕ್ಟರರು ಒಂದೇ ಫೋನಿಗೆ ಕಾರಿನಲ್ಲಿ ಬಂದಿಳಿದರು. ಸೀದಾ ಒಳಗೆ ಹೋಗಿ, ಹಂದಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಿಲ್ಲು ತಾಯಿ, ನಿಲ್ಲು" ಎಂದು ಬೆನ್ನು ಸವರಿ ಇಂಜೆಕ್ಷನ್ ಮಾಡಿದರು. ಆಮೇಲೆ ಅಲ್ಲೇ ಕಾಫಿ ಕುಡಿದರು.

ವಾಸನೆ ಅದೇ, ಕೊಚ್ಚೆ ಅದೇ, ಹಂದಿಯೂ ಹಂದಿಯೇ. ಅಂದು ಆ ಮನುಷ್ಯ ಹೇಸಿದ್ದು ನಮಗೆ.