ಎಮ್ಮೆ ಮೆಚ್ಚಿದ ಮಾಣಿಕ್ಯ

ನಮ್ಮಪ್ಪನ ಉಂಗುರದ ಮಾಣಿಕ್ಯವನ್ನು ನೀವು ನೋಡಬೇಕಿತ್ತು. ಖಾನಾಪುರದ ಮನೆಯಲ್ಲಿ ಅಪ್ಪ ಅದನ್ನು ಹಾಕಿಕೊಂಡೇ ಎಮ್ಮೆ ಹಿಂಡುತ್ತಿದ್ದ. ಅದರ ಕೆಂಪು ಹೊಳಪಿಗೆ ಮರುಳಾಗಿ ಎಮ್ಮೆ ದಿನಾ ಒಂದು ಚರಿಗೆ ಹಾಲು ಹೆಚ್ಚೇ ಕೊಡುತ್ತಿತ್ತು. ಸುಳ್ಳಲ್ಲ.

ಮಗಳ ಮದುವೆಗೆ ಅದನ್ನೇ ಕೊಡೋಣವೆಂದು ನಾನು. ತನ್ನ ತವರಿನ ಮಾಣಿಕ್ಯದ ಉಂಗುರವೇ ಆಗಬೇಕೆಂದು ಹೆಂಡತಿ. ಜಗಳ ಬಗೆಹರಿಯದೆ ಎರಡನ್ನೂ ಹಿಡಿದುಕೊಂಡು ಬೆಳಗಾವಿಯ ಹರಳು ಪರೀಕ್ಷೆಯ ಲ್ಯಾಬಿಗೆ ಹೋದೆವು.

ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಮೇಡಮ್ ಮೊದಲು ಹೆಂಡತಿಯ ಉಂಗುರ ನೋಡಿದರು. "ಒಳಗ ರೇಷ್ಮಿ ಎಳಿಯಂಥ ಗೆರಿ ಅದಾವ್ರಿ."

"ನಾ ಹೇಳಿದ್ನಿಲ್ಲೋ, ಐಬಿನ ಹರಳದು!" ಎಂದು ಬೀಗಿದೆ. "ನಮ್ಮಪ್ಪಂದು ನೋಡ್ರಿ, ಒಂದ್ ಚುಕ್ಕಿ ಸೈತ ಇಲ್ಲ."

"ಅದಕ್ಕ ನನಗ ಸಂಶಯ ರೀ, ಕಾಕಾ," ಎನ್ನುತ್ತ ಅದನ್ನೂ ಬಹಳ ಹೊತ್ತು ನೋಡಿದರು. "ಭೂಮ್ಯಾಗ ಹುಟ್ಟಿದ ಹರಳಿಗೆ ಆ ಗೆರಿನೇ ಗುರ್ತು. ಕಾಕೂಂದು ಖರೇ ಮಾಣಿಕ್ಯ. ನಿಮ್ಮದರಾಗ ಗುಂಡನ್ನ ಗಾಳಿಗುಳ್ಳಿ ಅದಾವ. ಗಾಜು ರೀ. ಬೇಕಾದ್ರ ನೀವೇ ನೋಡ್ರಿ."

ಕಣ್ಣಿಟ್ಟೆ. ಹಾಲಿನ ನೊರೆಯಂಥ ಸಣ್ಣ ಸಣ್ಣ ಗುಳ್ಳೆಗಳು. ಬೆಳಗಿನ ಕೊಟ್ಟಿಗೆ, ಅಪ್ಪನ ಒದ್ದೆ ಕೈ, ಚರಿಗೆಯಂಚಿಗೆ ಉಕ್ಕಿ ಬರುತ್ತಿದ್ದ ಬಿಸಿ ನೊರೆ, ಎಲ್ಲ ಅದರೊಳಗೇ ಇದ್ದವು.

"ಏನ್ ಕಾಣಸಾಕತ್ತೈತ್ರಿ?" ಹೆಂಡತಿ ಕೇಳಿದಳು.

"ನಮ್ಮ ಎಮ್ಮಿ," ಎಂದೆ.

ಮಗಳಿಗೆ ಹೆಂಡತಿಯ ಉಂಗುರ ಹೋಯಿತು. ಗಾಜಿನದು ನನ್ನ ಬೆರಳಲ್ಲೇ ಇದೆ. ಎಮ್ಮೆಯಂತೂ ಒಂದು ದಿನವೂ ಸರ್ಟಿಫಿಕೇಟು ಕೇಳಿರಲಿಲ್ಲ.