ಏರು ಬಂದರೆ ಇಳಿಯುವ ಮಂದಿ

ನಮ್ಮ ಸೋದರಮಾವನ ಜೀಪಿಗೆ ಏರು ಕಂಡರೆ ಆಗುತ್ತಿರಲಿಲ್ಲ. ಯಾವುದೋ ಇಲಾಖೆಯವರು ಹರಾಜಿಗೆ ಇಟ್ಟಿದ್ದ ಉದ್ದನೆಯ ಗಾಡಿ, ಹಿಂದೆ ಎದುರುಬದುರು ಬೆಂಚು, ಎಲ್ಲ ಸೇರಿ ಹನ್ನೆರಡು ಸೀಟು. ಹುನಗುಂದದಲ್ಲಿ ಮಾವನ ಓಣಿಯವರ ಲಗ್ನಕ್ಕೂ ಅದೇ, ದವಾಖಾನೆಗೂ ಅದೇ. ಏರು ಬಂತೆಂದರೆ ಸಾಕು, ಯಾರೂ ಹೇಳದೆಯೇ ಹಿಂದಿನವರೆಲ್ಲ ಪಟಪಟನೆ ಇಳಿದುಬಿಡುತ್ತಿದ್ದರು. ಎತ್ತಿನ ಗಾಡಿಯಲ್ಲಿ ಬೆಳೆದ ಜನ, ಎತ್ತಿಗೆ ತೋರಿಸುವ ಕನಿಕರವನ್ನೇ ಎಂಜಿನ್ನಿಗೂ ತೋರಿಸುತ್ತಿದ್ದರು. ಮಾವನ ಹೆಂಡತಿ, ನಮ್ಮತ್ತೆ, ಇಳಿದವಳೇ ಒಂದು ಕಲ್ಲು ಹುಡುಕಿ ಹಿಂದಿನ ಗಾಲಿಗೆ ಅಡ್ಡ ಇಡುತ್ತಿದ್ದಳು. ಆ ಜೀಪಿನ ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ ಇತ್ತು.

ನಾನು ಡ್ರೈವಿಂಗ್ ಕಲಿತದ್ದು ಅದರ ಮೇಲೆಯೇ. ಲೈಸೆನ್ಸೂ ಮಾಡಿಸಿದ್ದೆ. ಹೊಟ್ಟೆಪಾಡು ಮಾತ್ರ ಇಳಕಲ್ಲಿನಲ್ಲಿ, ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು. ದಿನವಿಡೀ ಕಲ್ಲಿನ ಪುಡಿ ಕುಡಿದು ಕುಡಿದು ನನಗೆ ಹತ್ತಿದ ಕೆಮ್ಮು ಬಿಡಲೇ ಇಲ್ಲ. ಡಾಕ್ಟರು ಎದೆಗೆ ಕಿವಿ ಕೊಟ್ಟು ಕೇಳಿ, "ಶೆಡ್ ಬಿಡು, ಇಲ್ಲಂದ್ರ ನನ್ನ ಔಷಧ ಬಿಡು. ಎರಡೂ ಕೂಡಿ ನಡಿಯಂಗಿಲ್ಲ" ಎಂದುಬಿಟ್ಟರು. ಮನೆಯಲ್ಲಿ ಹೆಂಡತಿ, ಕೈಗೂಸು. ಶೆಡ್ ಬಿಟ್ಟು ಏನು ಮಣ್ಣು ತಿನ್ನಲಿ?

ಅಷ್ಟರಲ್ಲಿ ಬಾದಾಮಿಯ ಒಬ್ಬ ಲಾಡ್ಜಿನ ಮಾಲೀಕರು ಗುಹೆ ನೋಡಲು ಬರುವವರನ್ನು ಸುತ್ತಿಸಲು ಅಂಥದೇ ಹನ್ನೆರಡು ಸೀಟಿನ ಜೀಪು ತಂದರು. ನನ್ನನ್ನು ಡ್ರೈವರ್ ಆಗಿ ಇಟ್ಟುಕೊಳ್ಳಲು ಒಪ್ಪಿದರು, ಆದರೆ ಲೈಸೆನ್ಸ್ ನೋಡಿ ತಲೆ ಅಲ್ಲಾಡಿಸಿದರು. "ಇದು ಮನಿ ಗಾಡಿಗೆ ನಡೀತೈತಿ. ಪಗಾರಕ್ಕ ಮಂದೀನ ಕುಂಡ್ರಿಸ್ಕೊಂಡು ಹೊಡಿಯಾಕ ಲೈಸೆನ್ಸಿನ್ಯಾಗ ಬ್ಯಾರೆ ಬರಸಬೇಕು. ಈ ಸಲದ ಕ್ಯಾಂಪಿನ್ಯಾಗ ಬರಸ್ಕೊಂಡು ಬಾ. ಇಲ್ಲಂದ್ರ ಕುಳಗೇರಿ ಕ್ರಾಸಿನವ ಒಬ್ಬ ಕಾಯಾಕತ್ಯಾನ" ಎಂದರು.

ಮೋಟಾರು ಇನ್ಸ್‌ಪೆಕ್ಟರು ಬಾಗಲಕೋಟೆಗೆ ಆಗಾಗ ಕ್ಯಾಂಪು ಬರುತ್ತಿದ್ದರು, ಆ ಸಲ ಎರಡು ದಿನ. ಮೊದಲ ದಿನ ಮಾವನ ಜೀಪು ತೊಳೆದು, ಹ್ಯಾಂಡ್‌ಬ್ರೇಕು ರಿಪೇರಿ ಮಾಡಿಸಿಕೊಂಡು, ಜಂಬದಿಂದ ಒಬ್ಬನೇ ಹೋದೆ. ಸಾಹೇಬರು ಖಾಲಿ ಬೆಂಚು ನೋಡಿದರು.

"ಹನ್ನೆರಡು ಮಂದಿ ಗಾಡಿ ಖಾಲಿ ಹೊಡದು ತೋರಿಸಿದ್ರ ನನಗೇನು ತಿಳೀತೈತಿ? ನಾಳೆ ಮಂದಿ ತುಂಬ್ಕೊಂಡು ಬಾ."

ಮಂದಿಗೇನು ಬರಗಾಲವೇ! ಮಾರನೆಯ ದಿನ ಬೆಳಿಗ್ಗೆ ಮಾವ, ಅತ್ತೆ, ಅತ್ತೆಯ ಇಬ್ಬರು ತಂಗಿಯರು, ಓಣಿಯ ಕುರಿ ಕಾಯುವ ಹಿರಿಯ, ನೇಕಾರರ ಮನೆಯವರು, ಎಲ್ಲ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಕುಳಿತರು. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದೆ, ಹಿಂದೆ ಇವರದು ಹುರಿಗಡಲೆ ಹಂಚಾಟ ನಡೆದಿದೆ.

ಸಾಹೇಬರು ನನ್ನ ಪಕ್ಕ ಕುಳಿತು ಊರ ಹೊರಗಿನ ಏರಿಗೆ ಕರೆದೊಯ್ದರು. ಅರ್ಧ ಏರಿನಲ್ಲಿ "ನಿಲ್ಸು" ಎಂದರು. ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದೆ. "ಈಗ ಹಿಂದಕ್ಕ ಒಂದು ಗೇಣೂ ಜಾರದಂಗ ಎತ್ತು" ಎಂದರು. ಕ್ಲಚ್ಚು ಒತ್ತಿ ಗೇರು ಹಾಕುವಷ್ಟರಲ್ಲಿ ಜೀಪು ಒಮ್ಮೆಲೇ ಹಗುರಾದಂತೆ ಅನಿಸಿತು. ತಿರುಗಿ ನೋಡಿದರೆ ಹಿಂದೆ ಒಂದು ನರಪಿಳ್ಳೆಯಿಲ್ಲ! ಎಲ್ಲ ಇಳಿದು ರಸ್ತೆಯ ಬದಿಯಲ್ಲಿ ಶಿಸ್ತಾಗಿ ನಿಂತಿದ್ದರು. ಅತ್ತೆ ಗಾಲಿಗೆ ಕಲ್ಲು ಕೊಟ್ಟು ಕೈ ಝಾಡಿಸಿಕೊಳ್ಳುತ್ತಿದ್ದಳು.

ಸಾಹೇಬರು ಕೆಳಗಿಳಿದು ಆ ಸಾಲನ್ನು ನೋಡಿದರು, ಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿನ್ನ ಮಂದೀಗೇ ನಿನ್ನ ಮ್ಯಾಲೆ ನಂಬಿಕಿ ಇಲ್ಲ. ಸರ್ಕಾರ ಹೆಂಗ ನಂಬಬೇಕು?"

ಆ ಮಾತು ನೇರ ಎದೆಗೆ ಬಡಿಯಿತು. ಮತ್ತೆ ಅದೇ ಶೆಡ್ಡು, ಅದೇ ಪುಡಿ, ಅದೇ ಕೆಮ್ಮು ಎಂದುಕೊಂಡೆ. ನನ್ನ ಸಿಟ್ಟೋ ಮೂಗಿನ ತುದಿಯ ಮೇಲೆ. ಮಾವ, ಅತ್ತೆ, ಹಿರಿಯರು ಅನ್ನದೆ ಎಲ್ಲರಿಗೂ ಬಾಯಿಗೆ ಬಂದಂತೆ ಅಂದೆ. "ನನ್ನ ಹೊಟ್ಟಿ ಮ್ಯಾಲೆ ಹೊಡದ್ರಲ್ಲ! ಒಂದು ಗಳಿಗಿ ಕುಂತಿದ್ರ ನಿಮ್ಮ ಗಂಟು ಏನು ಹೋಗತಿತ್ತು?"

ಅತ್ತೆಯ ಮುಖ ಸಣ್ಣದಾಯಿತು. ಸೀದಾ ಸಾಹೇಬರ ಮುಂದೆ ಹೋಗಿ ನಿಂತಳು. "ತಪ್ಪು ನಮ್ದರಿ ಸಾಹೇಬ್ರ. ಏರು ಬಂತಂದ್ರ ಇಳಿಯೂದು ನಮಗ ರೂಢಿ ಆಗೈತಿ. ಹುಡುಗಗ ಕಲ್ಲಿನ ಪುಡಿಯಿಂದ ಎದಿ ಹಿಡದೈತ್ರಿ. ಇನ್ನೊಂದು ಸಲ ನೋಡ್ರಿ, ಈ ಸಲ ನಾವು ಯಾರೂ ಮಿಸುಕಾಡಂಗಿಲ್ಲ."

ಸಾಹೇಬರು ಹೋಗಿ ಮತ್ತೆ ಮುಂದಿನ ಸೀಟಿನಲ್ಲಿ ಕುಳಿತರು. "ಹತ್ತರಿ ಎಲ್ಲಾರೂ" ಎಂದರು.

ಜೀಪನ್ನು ಬುಡಕ್ಕೆ ತಂದು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದೆ. ಹಿಂದೆ ಉಸಿರಿನ ಸದ್ದೂ ಇಲ್ಲ, ಕುರಿ ಕಾಯುವ ಹಿರಿಯ ಮಾತ್ರ "ಬೀರಪ್ಪಾ, ಬೀರಪ್ಪಾ" ಎಂದು ತನ್ನ ದೇವರನ್ನು ಕರೆಯುತ್ತಿದ್ದ. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟೆ, ಎಂಜಿನ್ನು ಗುರುಗುಟ್ಟಿತು, ಹ್ಯಾಂಡ್‌ಬ್ರೇಕು ಇಳಿಸಿದೆ. ಗಾಡಿ ಒಂದು ಬೆರಳೂ ಹಿಂದೆ ಜಾರಲಿಲ್ಲ. ಮೇಲೆ ಹೋಗಿ ನಿಂತಾಗ ಸಾಹೇಬರು ಬರೆದುಕೊಡಲು ನನ್ನ ಲೈಸೆನ್ಸ್ ಪುಸ್ತಕ ಕೇಳಿದರು. ಹೋದ ಜೀವ ಬಂದಂತಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮಧ್ಯಾಹ್ನ ಎಲ್ಲರೂ ಒಂದು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಉಂಡೆವು. ಬೈದದ್ದಕ್ಕೆ ಹೇಗೆ ಕ್ಷಮೆ ಕೇಳಬೇಕೆಂದು ನನಗೆ ತಿಳಿಯಲಿಲ್ಲ. ನನ್ನ ಪಾಲಿನ ಶೇಂಗಾ ಹೋಳಿಗೆಯನ್ನು ಅತ್ತೆಯ ಎಲೆಗೆ ಹಾಕಿದೆ. ಅವಳು ತಿಂದಳು.

ವಾಪಸು ಬರುವಾಗ ಹುನಗುಂದದ ಹತ್ತಿರದ ಏರು ಬಂತು. ರೂಢಿಯಂತೆ ನಿಲ್ಲಿಸಿ, ಹಿಂದಿನವರು ಇಳಿಯಲಿ ಎಂದು ಕಾದೆ. ಯಾರೂ ಅಲುಗಲಿಲ್ಲ.

"ಯಾಕ ನಿಂತಿ?" ಅತ್ತೆ ಕೇಳಿದಳು.

"ನೀವು ಇಳೀತೀರಿ ಅಂತ."

"ಇನ್ನ್ಯಾಕ ಇಳಿಯೂಣು? ಹೊಡಿ."

ಹೊಡೆದೆ. ಜೀಪು ಮುಲುಗುತ್ತ ಮುಲುಗುತ್ತ ಹನ್ನೊಂದು ಮಂದಿಯನ್ನು ಹೊತ್ತು ಮೇಲೇರಿತು. ಮೇಲೆ ಹೋದಮೇಲೆ ಅತ್ತೆಯೇ ನಿಲ್ಲಿಸಲು ಹೇಳಿ, ಸೀರೆಯ ಉಡಿಯಿಂದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ತೆಗೆದು ರಸ್ತೆಯ ಆಚೆ ಎಸೆದಳು. ಬಾಗಲಕೋಟೆಯ ಏರಿನ ಕಲ್ಲು! ಪರೀಕ್ಷೆಯಲ್ಲಿ ಸಾಹೇಬರಿಗೆ ಕಾಣದಂತೆ ಉಡಿಯಲ್ಲಿ ಇಟ್ಟುಕೊಂಡೇ ಕುಳಿತಿದ್ದಳು.

"ಹಂಗಾರ ನನ್ನ ನಂಬಿರಲಿಲ್ಲ ನೀ" ಎಂದೆ.

"ನಂಬಲಾರದ ಕುಂತಿದ್ನೇನು? ಗಾಡಿ ಹಿಂದಕ್ಕ ಬಂದಿದ್ರ ನಾನಾ ಜಿಗದು ಕಲ್ಲು ಕೊಡತಿದ್ದೆ. ನಿನ್ನ ಶೆಡ್ಡಿಗೆ ಹೊಳ್ಳಿ ಹೋಗಾಕ ಬಿಡತಿದ್ದಿಲ್ಲ." ಸೆರಗಿನಿಂದ ಕೈ ಒರೆಸಿಕೊಂಡಳು. "ಈಗ ನಿನಗೂ ಕಲ್ಲಿನ ಸವಾಸ ಸಾಕು, ನನಗೂ ಸಾಕು."

ನಗು ಬಂತು, ನಗುತ್ತ ನಗುತ್ತ ಕೆಮ್ಮು ಬಂತು. ಅತ್ತೆ ಹಿಂದಿನಿಂದ ಕೈ ಚಾಚಿ, ಕೆಮ್ಮು ನಿಲ್ಲುವ ತನಕ ನನ್ನ ಬೆನ್ನು ನೀವಿದಳು.