ಗಾಜಕ್ಕನ ಮನೆಯ ಹಳೆಯ ಕಣ್ಣು

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಎದುರು ಮನೆಯ ಬಿಳಿ ಗೋಡೆಯ ನೆತ್ತಿಗೆ ಮಾತ್ರ ತಾಗಿದೆ. ಗಾಜಕ್ಕ ಆ ಗೋಡೆಯನ್ನೇ ನೋಡುತ್ತ ನಿಂತಿದ್ದಾರೆ. ಅಲ್ಲಿಂದ ಪುಟಿದ ಬೆಳಕು ತಮ್ಮ ಕಿಟಕಿಯೊಳಗೆ ಬಂದು ಮರದ ಸ್ಟೂಲಿನ ಮೇಲೆ ಕೂರುವುದಕ್ಕೆ ಇನ್ನು ತುಸುವೇ ಹೊತ್ತು. ಟ್ರೈಪಾಡಿನ ಮೇಲೆ ವಿಡಿಯೋ ಕ್ಯಾಮೆರಾ ಸಿದ್ಧವಾಗಿದೆ. ಅದರ ಮೂತಿಗೆ, ಅದರ ಅಜ್ಜನಾಗುವಷ್ಟು ವಯಸ್ಸಿನ ಒಂದು ಲೆನ್ಸು. ಸ್ಟೂಲಿನ ಹಿಂದೆ ಕಿಟಕಿಯ ಕಟ್ಟೆಯಲ್ಲಿ ನೀರು ತುಂಬಿದ ಗಾಜಿನ ಲೋಟ. ಅದರ ಅಂಚಿನ ಹೊಳಪು ಲೆನ್ಸಿನೊಳಗೆ ಹೊಕ್ಕು ಏನಾಗಿ ಹೊರಬರುತ್ತದೆ ಎಂಬುದೂ ಪರೀಕ್ಷೆಯ ಒಂದು ಭಾಗ. ಎಲ್ಲ ಇದೆ. ಸ್ಟೂಲಿನ ಮೇಲೆ ಕೂರಬೇಕಾದವರು ಮಾತ್ರ ಇಲ್ಲ.

"ಅತ್ತೆ, ಬೆಳಕು ಬಂತು," ಎಂದು ಗಾಜಕ್ಕ ಒಳಗಿನ ಕೋಣೆಯ ಕಡೆಗೆ ಕೂಗುತ್ತಾರೆ.

ಮುಚ್ಚಿದ ಬಾಗಿಲಿನ ಆಚೆಯಿಂದ ಒಂದು ಕೆಮ್ಮು ಕೇಳಿಸುತ್ತದೆ. ಅಷ್ಟೇ.

"ಅಮ್ಮ ಕೆಮ್ಮಿದ್ರಲ್ಲ, ಸುಧಾರಿಸಿತು," ಎಂದು ಹಿತ್ತಿಲಿನ ಶೆಡ್ಡಿನಿಂದ ಯಜಮಾನರು ಸಮಾಧಾನ ಹೇಳುತ್ತಾರೆ. "ನಿನ್ನೆ ಅದೂ ಇರ್ಲಿಲ್ಲ."

ಈ ಬೀದಿಯಲ್ಲಿ ಗಾಜಕ್ಕನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಗಾಜಿನ ಕೆಲಸ ಮಾಡುವ ಅಕ್ಕ, ಹಾಗಾಗಿ ಗಾಜಕ್ಕ. ಹಳೆಯ ಕ್ಯಾಮೆರಾಗಳ ಲೆನ್ಸು, ಬಾಗಿಲು ಹಾಕಿದ ಚಿತ್ರಮಂದಿರಗಳ ಪ್ರೊಜೆಕ್ಟರ್ ಲೆನ್ಸು, ಯಾರದೋ ಅಟ್ಟದ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿದು ಕೂತದ್ದು, ಎಲ್ಲ ಇವರ ಮೇಜಿಗೆ ಬರುತ್ತವೆ. ಇವರು ಬಿಚ್ಚುತ್ತಾರೆ, ಒರೆಸುತ್ತಾರೆ, ಮತ್ತೆ ಕಟ್ಟುತ್ತಾರೆ. ಆ ಲೆನ್ಸು ಇವತ್ತಿನ ವಿಡಿಯೋ ಕ್ಯಾಮೆರಾಗೆ ಕೂರುವಂತೆ ನಡುವೆ ಹಾಕುವ ಲೋಹದ ಉಂಗುರವನ್ನು ಯಜಮಾನರು ಲೇತಿನಲ್ಲಿ ಕಡೆದು ಕೊಡುತ್ತಾರೆ. ಆ ಉಂಗುರ ಒಂದು ಕಾಗದದಷ್ಟು ಹೆಚ್ಚು ದಪ್ಪವಾದರೂ ದೂರದ್ದೆಲ್ಲ ಮಸುಕಾಗಿಬಿಡುತ್ತದೆ. "ಮದುವೆ ಉಂಗುರ ಸಡಿಲ ಆದ್ರೂ ಸಂಸಾರ ನಡೆಯತ್ತೆ," ಎನ್ನುವುದು ಯಜಮಾನರ ಮಾತು. "ಇದು ಸಡಿಲ ಆದ್ರೆ ನಡೆಯಲ್ಲ."

ಸಿನಿಮಾ ಮಾಡಲು ಹೊರಟವರು ಬಂದು, "ಅಕ್ಕ, ಹಳೇ ಸಿನಿಮಾ ಥರ ಕಾಣ್ಬೇಕು," ಎಂದರೆ ಗಾಜಕ್ಕ ಲೆನ್ಸು ತೋರಿಸುವ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ. ಯಾರ ಮುಖ? ಯಾವ ಹೊತ್ತಿನ ಬೆಳಕು? ಆಮೇಲೆ ಉಣ್ಣೆಯ ಬಟ್ಟೆ ಹಾಸಿ ಒಂದೊಂದಾಗಿ ಇಡುತ್ತಾರೆ. ಒಂದು ಲೆನ್ಸು ಸೂರ್ಯನಿಗೆ ಎದುರಾದರೆ ಕಾಮನಬಿಲ್ಲಿನ ಬಳೆ ತೊಡುತ್ತದೆ. ಇನ್ನೊಂದು, ಮುಖದ ಹಿಂದಿನ ಎಲೆಗಳನ್ನೆಲ್ಲ ಸುಳಿಗೆ ಸಿಕ್ಕ ನೀರಿನಂತೆ ತಿರುಗಿಸುತ್ತದೆ. ಬೆಳಕಿನ ಕಿಂಡಿ ತೆರೆಯುವಾಗ ಟಿಕ್ ಟಿಕ್ ಎನ್ನುವ ಲೆನ್ಸಿನ ಒಳಗಿಂದ ಸಾಸಿವೆಯಷ್ಟು ಗುಂಡೊಂದನ್ನು ತೆಗೆದು, ಚಿತ್ರ ಓಡುತ್ತಿರುವಾಗಲೂ ಸದ್ದಿಲ್ಲದೆ ಜಾರುವಂತೆ ಮಾಡುತ್ತಾರೆ.

"ಹೊಸ ಲೆನ್ಸು ಕೆಟ್ಟದ್ದಲ್ಲಪ್ಪ," ಎನ್ನುತ್ತಾರೆ ಗಾಜಕ್ಕ. "ಆದ್ರೆ ಅದರ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ. ಕಂಡದ್ದನ್ನೆಲ್ಲ ಹೇಳ್ಬಿಡತ್ತೆ. ಹಳೇವು ಹಾಗಲ್ಲ. ನೋಡಿಯೂ ನೋಡದ ಹಾಗೆ ಇರೋದು ಅವಕ್ಕೆ ಗೊತ್ತು."

ಯಾವ ಲೆನ್ಸು ಏನು ಹೇಳುತ್ತದೆ, ಏನನ್ನು ನುಂಗಿಕೊಳ್ಳುತ್ತದೆ ಎಂದು ತಿಳಿಯಲು ಈ ಮನೆಯಲ್ಲಿ ಒಂದೇ ಅಳತೆಗೋಲು: ಅತ್ತೆಯ ಮುಖ. ರಿಪೇರಿಯಾದ ಪ್ರತಿ ಲೆನ್ಸಿನ ಮುಂದೆಯೂ ಅವರು ಬೆಳಗಿನ ಬೆಳಕಿನಲ್ಲಿ ಅದೇ ಸ್ಟೂಲಿನ ಮೇಲೆ, ಅದೇ ಬೂದು ಶಾಲು ಹೊದ್ದು ಕೂರುತ್ತ ಬಂದಿದ್ದಾರೆ. ತುಟಿ ಅಲುಗಬೇಕಲ್ಲ, ಅದಕ್ಕೆ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಒಂದು ಪದ್ಯ ಹೇಳುತ್ತಾರೆ. ಪದ್ಯ ಮುಗಿದರೆ ಪರೀಕ್ಷೆ ಮುಗಿಯಿತು. ಎರಡನೆಯ ಸಾಲಿನ ನಡುವೆ ಅವರು ಉಸಿರಿಗೆಂದು ನಿಲ್ಲುವ ಒಂದು ಜಾಗವಿದೆ. ಆ ಮೌನದಲ್ಲಿ ಗಾಜಕ್ಕ ಫೋಕಸ್ಸನ್ನು ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಹಿಂದಿನ ಲೋಟಕ್ಕೆ ಸರಿಸುತ್ತಾರೆ. ಪದ್ಯ ಬಲ್ಲವರಿಗೆ ಯತಿ ಎಲ್ಲಿ ಎಂದು ಹೇಳಿಕೊಡಬೇಕಾಗಿಲ್ಲ.

ಇಂಥ ಅತ್ತೆ ಕಳೆದ ವಾರ ಸ್ಟೂಲು ಬಿಟ್ಟು ಎದ್ದವರು ಮತ್ತೆ ಬಂದು ಕೂತಿಲ್ಲ. ಅದಕ್ಕೆ ಕಾರಣವಾದ ಲೆನ್ಸೇ ಈಗ ಟ್ರೈಪಾಡಿನ ಮೇಲಿದೆ. ಹಿತ್ತಾಳೆಯ ಕೊಳವೆ, ಅಂಗೈಯಗಲದ ಗಾಜು. ತೀರಿಕೊಂಡ ಮಾವನ ಲೆನ್ಸು.

ಮಾವ ಸ್ಟುಡಿಯೋ ಇಟ್ಟಿದ್ದರು. ಈಗ ಗಾಜಕ್ಕನ ಮೇಜು ಇರುವುದೇ ಆ ಸ್ಟುಡಿಯೋದ ಮುಂಗೋಣೆಯಲ್ಲಿ. ಪರದೆ ಎಳೆಯುತ್ತಿದ್ದ ಕಬ್ಬಿಣದ ಸರಳು ಇನ್ನೂ ಗೋಡೆಯಲ್ಲಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಒಮ್ಮೆ ಮಗನ ಕೈಗೂ ಸೊಸೆಯ ಕೈಗೂ ಒಂದೊಂದು ಗಾಜು ಕೊಟ್ಟು, ಹಿಡಿದುಕೊಂಡಿರಿ ಎಂದರಂತೆ. ಮಗನ ಗಾಜಿನ ಮೇಲೆ ಐದು ಬೆರಳಿನ ಗುರುತೂ ಮೂಡಿತು. ಸೊಸೆಯ ಗಾಜು ಕೊಟ್ಟ ಹಾಗೇ ಇತ್ತು. "ಇವಳ ಕೈ ಬೆವರಲ್ಲ, ಇವಳು ಗಾಜಿಗೆ. ನೀನು ಕಬ್ಬಿಣಕ್ಕೆ," ಎಂದು ಅಲ್ಲೇ ತೀರ್ಪು ಕೊಟ್ಟರು. "ಅಪ್ಪ ಆಸ್ತಿ ಪಾಲು ಮಾಡಿದ್ದು ಅಷ್ಟೇ," ಎಂದು ಯಜಮಾನರು ಇವತ್ತಿಗೂ ನಗುತ್ತಾರೆ. ಜನ ತಮ್ಮ ಫೋಟೋ ತಾವೇ ತೆಗೆದುಕೊಳ್ಳುವ ಕಾಲ ಬಂದು ಸ್ಟುಡಿಯೋ ಮುಚ್ಚಿತು. ಕೈ ಬೆವರದ ಸೊಸೆಯ ವಿದ್ಯೆ ಮಾತ್ರ ಉಳಿಯಿತು.

ಹಿತ್ತಾಳೆ ಲೆನ್ಸು ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿತ್ತು. ಕೆಲವು ತಿಂಗಳ ಹಿಂದೆ ಯಜಮಾನರು ಹುಕಿ ಬಂದು ಅದಕ್ಕೊಂದು ಉದ್ದ ಕೊಳವೆ ಕಡೆದು ಕ್ಯಾಮೆರಾಗೆ ಕೂರಿಸಿದ್ದರು. ಆಗ ತೆಗೆದ ಅತ್ತೆಯ ಚಿತ್ರವನ್ನು ಕ್ಯಾಮೆರಾಮನ್ ಒಬ್ಬರು ನೋಡಿ ಹೋಗಿದ್ದರು. ಮದುವೆ ವಿಡಿಯೋ ತೆಗೆಯುತ್ತಿದ್ದ ಕಾಲದಿಂದಲೂ ಈ ಮನೆಗೆ ಬರುವವರು. ಈಗ ಅವರ ಕೈಗೆ ಮೊದಲ ಸಿನಿಮಾ ಸಿಕ್ಕಿದೆ. ಅದರಲ್ಲಿ ಮುದುಕಿಯೊಬ್ಬಳು ತನ್ನ ಹರೆಯ ನೆನೆಯುವ ದೃಶ್ಯಗಳಿವೆ. ಅವಕ್ಕೆ ಆ ಲೆನ್ಸೇ ಬೇಕು ಎಂದು ಹೇಳಿ ಕಳಿಸಿದ್ದರು.

ಹೊರಗೆ ಹೋಗುವ ಲೆನ್ಸು ಕೊಳಕಾಗಿ ಹೋಗಬಾರದು. ಗಾಜಕ್ಕ ಅದನ್ನು ಬಿಚ್ಚಿದರು. ಗಾಜಿನ ಮೇಲಿನ ಮಂಜು ಒರೆಸಿದರು. ಗಾಜಿನ ಸುತ್ತಂಚಿಗೆ ಬಳಿದಿರುವ ಕಪ್ಪು ಅಲ್ಲಲ್ಲಿ ಎದ್ದುಹೋಗಿತ್ತು. ದಾರಿ ತಪ್ಪಿದ ಬೆಳಕು ಒಳಗೆಲ್ಲ ಅಲೆಯದಂತೆ ತಡೆಯುವುದೇ ಆ ಕಪ್ಪಿನ ಕೆಲಸ. ಅದನ್ನೂ ನೀಟಾಗಿ ಬಳಿದು ಒಣಗಿಸಿದರು. ಮರುದಿನ ಬೆಳಿಗ್ಗೆ ಅತ್ತೆ ಕೂತರು, ಪದ್ಯ ಶುರುಮಾಡಿದರು, ಕ್ಯಾಮೆರಾಗೆ ಜೋಡಿಸಿದ ಎದುರಿನ ಟೀವಿಯಲ್ಲಿ ತಮ್ಮ ಮುಖ ನೋಡಿದರು. ಮೊದಲ ಸಾಲು ಮುಗಿಯುವ ಮೊದಲೇ ನಿಲ್ಲಿಸಿದರು. "ಇದು ಅವರು ನೋಡಿದ ನಾನಲ್ಲ," ಎಂದು ಹೇಳಿ ಎದ್ದು ಒಳಗೆ ಹೋದರು.

ಅಂದಿನಿಂದ ಅಂಗಡಿಯ ಕೆಲಸವೇ ನಿಂತಿದೆ. ಯಜಮಾನರನ್ನು ಸ್ಟೂಲಿನ ಮೇಲೆ ಕೂರಿಸಿ ನೋಡಿದ್ದಾಯಿತು. ಅವರು ಗಡ್ಡ ಬೋಳಿಸಿ ಬಂದು ಕೂತು, ಪದ್ಯ ಬಾರದೆ ಒಂದರಿಂದ ಮೂವತ್ತರವರೆಗೆ ಎಣಿಸಿದರು. "ನಿಮ್ಮ ಮುಖ ನೋಡಿದ್ರೆ ಯಾವ ಲೆನ್ಸೂ ಏನೂ ಹೇಳ್ತಿಲ್ಲ ಕಣ್ರೀ," ಎಂದು ಗಾಜಕ್ಕ ಕೈಚೆಲ್ಲಿದರು.

ಹೊತ್ತೇರಿದ ಮೇಲೆ ಕ್ಯಾಮೆರಾಮನ್ ಬರುತ್ತಾರೆ. ಸೋಮವಾರ ಚಿತ್ರೀಕರಣ. ಲೆನ್ಸನ್ನು ಕಿಟಕಿಗೆ, ಬಾಗಿಲಿಗೆ, ಗಾಜಕ್ಕನ ಮುಖಕ್ಕೆ ಹಿಡಿದು ನೋಡಿ ಮೆಲ್ಲಗೆ ಕೆಳಗಿಡುತ್ತಾರೆ.

"ಚೆನ್ನಾಗಿದೆ ಅಕ್ಕ. ಆದ್ರೆ ಚೆನ್ನಾಗಿರೋದು ನನ್ನ ಹತ್ರಾನೇ ನಾಲ್ಕಿದೆ. ಅವತ್ತು ಅಜ್ಜಿ ಮುಖದ ಸುತ್ತ ಏನೋ ಉಸಿರಾಡಿದ ಹಾಗಿತ್ತಲ್ಲ, ಅದೆಲ್ಲಿ ಹೋಯ್ತು?"

"ಅದು ಹಾಳಾಗಿದ್ದಕ್ಕೆ ಹಾಗೆ ಕಾಣ್ತಿತ್ತಪ್ಪ," ಗಾಜಕ್ಕನ ದನಿ ಏರುತ್ತದೆ. "ಹಾಳಾಗಿದ್ದನ್ನ ನಾನು ಸರಿ ಮಾಡಿದ್ದು. ಮಾವ ಇದ್ದಿದ್ರೆ ಇಷ್ಟು ಶುಭ್ರ ಆಗಿದ್ದು ನೋಡಿ ಖುಷಿ ಪಡ್ತಿದ್ರು."

ಒಳಗಿನ ಬಾಗಿಲು ತೆರೆಯುತ್ತದೆ. ಅತ್ತೆ ಚೌಕಟ್ಟು ಹಿಡಿದು ನಿಂತಿದ್ದಾರೆ.

"ಹಾಳಾಗಿತ್ತು ಅಂದ್ಯಾ? ಅದು ಹಾಳಾಗಿರ್ಲಿಲ್ಲ ಕಣೇ. ಅವರೇ ಕೆರೆದಿದ್ದು."

ಹಿತ್ತಿಲಲ್ಲಿ ಲೇತಿನ ಸದ್ದು ನಿಲ್ಲುತ್ತದೆ. ಅತ್ತೆ ತಾವಾಗಿಯೇ ಬಂದು ಸ್ಟೂಲಿನ ಮೇಲೆ ಕೂತು, ಸಿಡುಬಿನ ಕಲೆಗಳಿರುವ ತಮ್ಮ ಕೆನ್ನೆಯನ್ನೊಮ್ಮೆ ಸವರಿಕೊಂಡು ಹೇಳತೊಡಗುತ್ತಾರೆ.

"ನಮ್ಮಪ್ಪ ನನ್ನ ಈ ಸ್ಟುಡಿಯೋಗೆ ಕರ್ಕೊಂಡು ಬಂದಿದ್ರು. ಗಂಡಿನ ಮನೆಗೆ ಕಳಿಸೋಕೆ ಫೋಟೋ ಬೇಕಿತ್ತು. ಮೊದಲನೇ ಫೋಟೋದಲ್ಲಿ ಕಲೆ ಎಲ್ಲ ಎಣಿಸೋ ಹಾಗೆ ಬಂದಿತ್ತು. ನಾನು ತಲೆ ತಗ್ಗಿಸ್ಕೊಂಡು ಕೂತೆ. ಅವರು ಏನಂದ್ರು ಗೊತ್ತಾ? 'ಲೆನ್ಸು ಸರಿ ಇಲ್ಲ, ತಪ್ಪು ನಂದು, ನಾಳೆ ಬನ್ನಿ' ಅಂದ್ರು. ಮಾರನೇ ದಿನ ಬಂದ್ರೆ ಅವರ ಉಗುರಲ್ಲೆಲ್ಲ ಕಪ್ಪು. ಕೈ ತೊಳೀದೆ ಬಂದಿದ್ದಾರಲ್ಲ, ಎಂಥ ಕೊಳಕು ಮನುಷ್ಯ ಅಂದ್ಕೊಂಡೆ. ಬೆಳಕು ಹರಡಿ ಕಲೆ ಮಸುಕಾಗ್ಲಿ ಅಂತ ಗಾಜಿನ ಅಂಚಿನ ಕಪ್ಪನ್ನ ಸೂಜೀಲಿ ಕೆರೆದಿದ್ರು ಅಂತ ಗೊತ್ತಾಗಿದ್ದು ಆಮೇಲೆ."

"ಫೋಟೋ ಗಂಡಿನ ಮನೆಯವರಿಗೆ ಇಷ್ಟ ಆಯ್ತಾ ಅಜ್ಜಿ?" ಕ್ಯಾಮೆರಾಮನ್ ಕೇಳುತ್ತಾರೆ.

"ಅವರಿಗೆಲ್ಲಿ ಸಿಕ್ತು? ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ಅಪ್ಪನ್ನ ಅಲೆಸಿದ್ರು. ಕೊನೆಗೆ ಫೋಟೋ ಕೊಡೋ ಬದಲು ತಾವೇ ಗಂಡು ಅಂತ ಬಂದು ಕೂತ್ರು."

"ಅಂದ್ರೆ ನಮ್ಮಪ್ಪ ಗಿರಾಕಿ ಫೋಟೋ ಹೊಡ್ಕೊಂಡ್ರು," ಯಜಮಾನರು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಹೇಳುತ್ತಾರೆ.

"ನೀನು ಸುಮ್ನಿರು. ಅವರು ಹೊಡ್ಕೊಂಡಿದ್ದಕ್ಕೇ ನೀನು ಇರೋದು."

ಎಲ್ಲರೂ ನಗುತ್ತಾರೆ. ಗಾಜಕ್ಕ ಮಾತ್ರ ನಗುವುದಿಲ್ಲ. "ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಏನಂತ ಹೇಳ್ಲಿ? ನನ್ನ ಮುಖದ ಕಲೆ ಮರೆಸೋಕೆ ಅಂತಾ?"

"ನಾನು ನಿಮ್ಮ ಮುಖಾನ ಎಷ್ಟು ಲೆನ್ಸಲ್ಲಿ ನೋಡಿಲ್ಲ! ಕೂದಲು ಕೂದಲು ಕಾಣೋ ಲೆನ್ಸಿಗೂ ಕೂತಿದ್ದೀರಿ. ಆಗೆಲ್ಲ ಏನೂ ಅನ್ಲಿಲ್ಲ."

"ಅವೆಲ್ಲ ಕಂಡೋರ ಕಣ್ಣು. ಏನು ಬೇಕಾದ್ರೂ ಹೇಳ್ಕೊಳ್ಲಿ," ಅತ್ತೆಯ ದನಿ ತಗ್ಗುತ್ತದೆ. "ಇದು ಅವರ ಕಣ್ಣು."

ಗಾಜಕ್ಕ ಲೆನ್ಸನ್ನು ಕೈಗೆತ್ತಿಕೊಳ್ಳುತ್ತಾರೆ. ಸವೆತ ಎಂದು ತಾವು ತಿಳಿದದ್ದು ಕೆಲಸವಾಗಿತ್ತು. ತಮಗೆ ವಿದ್ಯೆ ಕಲಿಸಿದವರ ಕೈಗೆಲಸವನ್ನೇ ಅವರು ಶ್ರದ್ಧೆಯಿಂದ ಅಳಿಸಿಹಾಕಿದ್ದರು. ಲೆನ್ಸನ್ನು ಉಣ್ಣೆಯ ಬಟ್ಟೆಯ ಮೇಲಿಟ್ಟು, "ನಿಮ್ಮ ಸೂಜಿ ಡಬ್ಬಿ ಕೊಡಿ ಅತ್ತೆ," ಎನ್ನುತ್ತಾರೆ.

ಆ ಮಧ್ಯಾಹ್ನ ಅತ್ತೆ ಸೊಸೆ ಮೇಜಿನ ಎರಡು ಬದಿಯಲ್ಲಿ ಕೂತು ಒಂದೇ ಗಾಜಿಗೆ ತಲೆ ಬಾಗಿಸುತ್ತಾರೆ. ಎಲ್ಲಿ ಎಷ್ಟು ಕೆರೆದಿತ್ತು ಎಂದು ಅತ್ತೆ ಬಲ್ಲರು. ಮದುವೆಯಾದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದವರು ಅವರೇ. ಎಲ್ಲಿ ತಾನು ಹೊಸದಾಗಿ ಬಳಿದೆ ಎಂದು ಸೊಸೆಯ ಬೆರಳು ಬಲ್ಲದು. "ಮೇಲ್ಗಡೆ ಜಾಸ್ತಿ." "ಇಲ್ಲ ಅತ್ತೆ, ಇಲ್ಲಿ ಒಂದು ಚೂರು ಹಾಗೇ ಇತ್ತು." "ಇತ್ತು, ಇತ್ತು. ಅಲ್ಲಿ ಸೂಜಿ ಮುರೀತು ಅಂತಿದ್ರು." ಬದುಕಿಡೀ ಕಪ್ಪು ಬಳಿದ ಕೈಗೆ ಕೆರೆಯುವುದು ಹಗುರವಲ್ಲ. ಒಂದು ಗೀರು ಗಾಜಿನ ಮೈಗೆ ಜಾರಿದರೆ ಆ ಕಣ್ಣು ಇನ್ನೆಂದಿಗೂ ಇಲ್ಲ. ನಡುವೆ ಗಾಜಕ್ಕ ಸೂಜಿ ಕೆಳಗಿಟ್ಟು ಅಂಗೈಯನ್ನು ಬಟ್ಟೆಗೆ ಒತ್ತಿಕೊಳ್ಳುತ್ತಾರೆ.

ಯಜಮಾನರು ಅದನ್ನು ಕಂಡುಬಿಡುತ್ತಾರೆ. "ಅಮ್ಮ, ನೋಡಮ್ಮ! ಇವಳ ಕೈನೂ ಬೆವರತ್ತೆ!"

"ಬೆವರ್ಲಿ ಬಿಡೋ. ಅವರದ್ದೂ ಬೆವರಿತ್ತೇನೋ ಅವತ್ತು."

"ಒರೆಸಿದ ಮಂಜನ್ನ ಮಾತ್ರ ವಾಪಸ್ ತರೋಕಾಗಲ್ಲ ಅತ್ತೆ," ಎಂದು ಗಾಜಕ್ಕ ತಪ್ಪೊಪ್ಪಿಕೊಳ್ಳುತ್ತಾರೆ.

"ಅದು ಬರೀ ವಯಸ್ಸಿನದ್ದು. ಹೋಗ್ಲಿ."

ಮರುದಿನ ಬೆಳಕು ಎದುರು ಗೋಡೆಗೆ ತಾಗುವ ಮೊದಲೇ ಕ್ಯಾಮೆರಾಮನ್ ಬಂದು ಮೂಲೆಯಲ್ಲಿ ನಿಂತಿದ್ದಾರೆ. ಅತ್ತೆ ಕರೆಸಿಕೊಳ್ಳದೆಯೇ ಬರುತ್ತಾರೆ. ಕೂತು, ಶಾಲಿನ ನಿರಿಗೆ ಸರಿಮಾಡಿ, "ಹ್ಞೂಂ," ಎನ್ನುತ್ತಾರೆ. ಪದ್ಯ ಶುರುವಾಗುತ್ತದೆ. ಎರಡನೆಯ ಸಾಲಿನ ಉಸಿರಿನಲ್ಲಿ ಗಾಜಕ್ಕನ ಬೆರಳು ಸರಿಯುತ್ತದೆ. ಟೀವಿಯ ಪರದೆಯಲ್ಲಿ ಲೋಟದ ಅಂಚಿನ ಬೆಳಕು ತನ್ನ ಜಾಗ ಬಿಟ್ಟು ಮೆಲ್ಲನೆ ಹರಡಿ ಮುದುಕಿಯ ಕೆನ್ನೆಯವರೆಗೂ ಬರುತ್ತದೆ. ಕಲೆಗಳು ಅಲ್ಲೇ ಇವೆ. ಹುಡುಕಿದರೆ ಕಾಣುತ್ತವೆ. ಹುಡುಕಬೇಕು ಎನಿಸುವುದಿಲ್ಲ, ಅಷ್ಟೇ.

ಪದ್ಯ ಮುಗಿಯುತ್ತದೆ. ಅತ್ತೆ ಏಳುವುದಿಲ್ಲ. ಪರದೆಯನ್ನೇ ನೋಡುತ್ತ, ಮತ್ತೊಮ್ಮೆ ಮೊದಲಿನಿಂದ ಹೇಳುತ್ತಾರೆ. ಗಾಜಕ್ಕ ಕ್ಯಾಮೆರಾ ನಿಲ್ಲಿಸುವುದಿಲ್ಲ.

"ಸೋಮವಾರ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ," ಎಂದು ಕ್ಯಾಮೆರಾಮನ್ ಆಮೇಲೆ ಪಿಸುಮಾತಿನಲ್ಲಿ ಹೇಳುತ್ತಾರೆ.

"ಯಾರಪ್ಪ ಕೂರೋದು ಇದರ ಮುಂದೆ?" ಅತ್ತೆಗೆ ಅದು ತಿಳಿಯಬೇಕು.

"ಹೊಸ ಹುಡುಗಿ ಅಜ್ಜಿ. ಮೊದಲನೇ ಸಿನಿಮಾ. ತುಂಬ ಹೆದರ್ತಾಳೆ."

"ಹೆದರ್ಬೇಡ ಅನ್ನು. ಇದು ಹೆಣ್ಣುಮಕ್ಕಳನ್ನ ನೋಡಿ ಗೊತ್ತಿರೋ ಲೆನ್ಸು."

ಅವರು ಹೋದ ಮೇಲೆ ಗಾಜಕ್ಕ ಕಾಫಿ ತಂದು ಅತ್ತೆಗೆ ಕೊಡುತ್ತಾರೆ. ನಿನ್ನೆ ಸೋಪು ಹಾಕಿ ತಿಕ್ಕಿದರೂ ಸೊಸೆಯ ಉಗುರಿನ ಸಂದಿಯ ಕಪ್ಪು ಹೋಗಿಲ್ಲ. ಅತ್ತೆ ಲೋಟವನ್ನು ಬದಿಗಿಟ್ಟು, ಆ ಕೈಯನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಾರೆ.

"ಸೀಮೆಎಣ್ಣೆ ಹಚ್ಚಿದ್ರೆ ಹೋಗತ್ತೆ ಅತ್ತೆ, ಈಗ ತೊಳ್ಕೋತೀನಿ."

"ಇರ್ಲಿ ಬಿಡು," ಎನ್ನುತ್ತಾರೆ ಅತ್ತೆ, ಕೈ ಬಿಡದೆ. "ಇವತ್ತೊಂದಿನ ಇರ್ಲಿ."